ಹಣಮವ್ವನ ನಾಲಿಗೆಯೋ, ಬಾಟಲಿಯ ಔಷಧವೋ

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

ನನ್ನ ಗಂಡ ಅಂಬರಾಯರ ಬಲಗಣ್ಣಿನೊಳಗೆ ಚುಚ್ಚಿದ ಆ್ಯಂಟಿಬಯೋಟಿಕ್ ಕಣ್ಣಿನ ಪರದೆಗೆ ಸುರಕ್ಷಿತವೇ, ಪರೀಕ್ಷಿಸಿ ಎಂದು ಕೇಳಿದ್ದೆ. ನೀವು ಪರೀಕ್ಷಿಸಲಿಲ್ಲ. ಬದಲಿಗೆ ನನ್ನ ಅತ್ತೆಯ ನಾಲಿಗೆ ಅಶುಚಿ ಎಂದು ಬರೆದು ಕಡತ ಮುಚ್ಚಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆಗೂ ಕಚೇರಿಯಿಂದ ಹೊರಡುವ ಪತ್ರದಂತೆ ಒಂದು ಜಾವಕ ಸಂಖ್ಯೆ ಇರುತ್ತದೆಂದು ಈಗ ತಿಳಿಯಿತು.

ಶಹಾಬಾದದ ಪರಸಿ ಕಲ್ಲಿನ ಗಣಿಯಲ್ಲಿ ಕಣ್ಣಿಗೆ ಚೂರು ಬಿದ್ದವರು ಮೊದಲು ಬರುತ್ತಿದ್ದುದು ಅತ್ತೆ ಹಣಮವ್ವನವರ ಹತ್ತಿರ. ಅವರು ರೆಪ್ಪೆ ಮಗುಚಿ, ನಾಲಿಗೆಯ ತುದಿಯಿಂದ ಚೂರು ಎತ್ತಿ ಉಗುಳುತ್ತಿದ್ದರು. ಮೂವತ್ತು ವರ್ಷ ಇದನ್ನೇ ಮಾಡಿದರು. ಇದು ಒಳ್ಳೆಯ ಪದ್ಧತಿ ಎಂದು ನಾನು ವಾದಿಸುವುದಿಲ್ಲ. ನಾನು ಅಂಗನವಾಡಿ ಕಾರ್ಯಕರ್ತೆ, ಕೈ ತೊಳೆಯುವ ಪಾಠ ಮಾಡುವವಳು. ಫೆಬ್ರವರಿಯಲ್ಲಿ ಚೂರು ಬಿದ್ದಾಗ ತಮ್ಮ ಮಗನ, ಅಂದರೆ ನನ್ನ ಗಂಡನ, ಕಣ್ಣಿಗೂ ಹಾಗೇ ಮಾಡಿದರು. ಚೂರು ಆಳಕ್ಕೆ ಹೋಗಿತ್ತು. ಮೂರನೇ ದಿನ ಕಣ್ಣಿನೊಳಗೆ ಕೀವು ತುಂಬಿತು.

ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದೆ. ಚುಚ್ಚುವ ಮೊದಲು ಇವರು ವೈದ್ಯರು ತೋರಿಸಿದ ಬೆರಳು ಎಣಿಸಿದ್ದರು: ಮೂರು, ಎರಡು, ನಾಲ್ಕು. ಮರುದಿನ ವೈದ್ಯರು ಟಾರ್ಚ್ ಹಿಡಿದರು. "ಬ್ಯಾಟ್ರಿ ಹಚ್ಚೀರೇನ್ರಿ?" ಎಂದು ಇವರು ಕೇಳಿದರು. ಅದು ಉರಿಯುತ್ತಲೇ ಇತ್ತು.

ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. "ಕೀವು ಇಳಿಲಿಕತ್ತದಮ್ಮ. ಆದ್ರ ಪರದಿಗೆ ರಕ್ತ ಹರಿಯೋದು ನಿಂತದ. ಸೋಂಕಿನಿಂದನೂ ಆಗಬಹುದು, ಔಷಧದಿಂದನೂ ಆಗಬಹುದು. ಪರೀಕ್ಷಾ ಮಾಡ್ದೆ ಹ್ಯಾಂಗ ಹೇಳಲಿ?" ಎಂದರು. ರಕ್ತನಾಳಕ್ಕೆಂದು ತಯಾರಾದ ಪುಡಿಯನ್ನು ಕರಗಿಸಿ, ತೆಳು ಮಾಡಿ, ಒಂದೆರಡು ಹನಿಯಷ್ಟನ್ನು ಕಣ್ಣಿಗೆ ಕೊಡುತ್ತಾರಂತೆ. ಕಣ್ಣು ಉಳಿಸಲು ಬೇರೆ ದಾರಿಯಿಲ್ಲವಂತೆ. ಅವರನ್ನು ನಾನು ನಂಬುತ್ತೇನೆ. ಅದೇ ಪೆಟ್ಟಿಗೆಯ ಎರಡು ಬಾಟಲಿಗಳನ್ನು ಅವರು ಒಡೆಯದೆ ತೆಗೆದಿಟ್ಟಿದ್ದಾರೆ.

ತಮ್ಮ ಉತ್ತರವೇನು? "ಸದರಿ ಔಷಧವು ಕಣ್ಣಿನ ಬಳಕೆಗೆ ಅನುಮೋದಿತವಲ್ಲವಾದ್ದರಿಂದ ಕಣ್ಣಿನ ಸುರಕ್ಷತೆಯ ಪರೀಕ್ಷೆಯ ಪ್ರಶ್ನೆ ಉದ್ಭವಿಸುವುದಿಲ್ಲ." ಅಂದರೆ ಅನುಮೋದನೆ ಇಲ್ಲದ್ದಕ್ಕೆ ಪರೀಕ್ಷೆಯಿಲ್ಲ, ಪರೀಕ್ಷೆ ಇಲ್ಲದ್ದಕ್ಕೆ ಅನುಮೋದನೆಯಿಲ್ಲ. ಚುಚ್ಚುವುದು ಮಾತ್ರ ನಡೆದೇ ಇದೆ. ಮೊದಲು ಮೊಲದ ಕಣ್ಣಿಗೆ ಹಾಕಿ, ಬೆಳಕು ಹಾಯಿಸಿ, ಪರದೆ ಸ್ಪಂದಿಸುತ್ತದೆಯೇ ಎಂದು ನೋಡುವ ಕ್ರಮವೊಂದಿದೆಯಂತೆ. ಇಲ್ಲಿ ಮೊಲದ ಪಾಳಿ ಯಾರಿಗೆ ಬಂತು, ಸ್ವಾಮಿ?

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದ ತಪ್ಪು ನನ್ನದು. "ಸರಕಾರದವ್ರು ಬರದಾರಂದ್ರ ಖರೇನೇ ಇರ್ತದ. ನಾನೇ ನನ್ನ ಮಗನ ಕಣ್ಣ ತಿಂದೀನಿ," ಎಂದರು. "ಯವ್ವಾ, ಹಂಗ ಅನಬ್ಯಾಡ," ಎಂದರು ಇವರು. ಅಂದಿನಿಂದ ನಾನು ಅತ್ತೆಗೆ ರೊಟ್ಟಿ ಹಾಕುವಾಗ ಮುಖ ನೋಡುವುದಿಲ್ಲ. ಸಿಟ್ಟಿಲ್ಲ, ಅಳುವೂ ಬರುವುದಿಲ್ಲ. ಮನಸ್ಸು ಜೋಮು ಹಿಡಿದ ಕಾಲಿನಂತಾಗಿದೆ. ಇದು ನ್ಯಾಯವಲ್ಲವೆಂದು ನನಗೆ ಗೊತ್ತು.

ಆ ಬಾಟಲಿಗಳ ಅವಧಿ ಬರುವ ತಿಂಗಳು ಮುಗಿಯುತ್ತದೆ. ಅಷ್ಟರೊಳಗೆ ತರಿಸಿಕೊಂಡು, ಇವರ ಕಣ್ಣಿಗೆ ಕೊಟ್ಟ ಪ್ರಮಾಣದಲ್ಲೇ ಪರೀಕ್ಷಿಸಿ ಫಲಿತಾಂಶ ಕಳಿಸಿ. ಔಷಧದಲ್ಲಿ ದೋಷವಿಲ್ಲ ಎಂದು ಬಂದರೆ ಅದನ್ನೂ ಕಳಿಸಿ. ಅತ್ತೆಗೆ ಓದು ಬರುವುದಿಲ್ಲ. ಏನೇ ಬಂದರೂ ಔಷಧದ್ದೇ ತಪ್ಪೆಂದು ಓದಿ ಹೇಳುತ್ತೇನೆ. ಆ ಮಾತನ್ನು ಈಗಲೇ ಹೇಳಬಹುದಿತ್ತು. ಆದರೆ ನಿಜ ಯಾವುದೆಂದು ತಿಳಿಯದೆ, ಅವರ ಮುಖ ನೋಡಿ ಸುಳ್ಳನ್ನಾದರೂ ಹೇಗೆ ಹೇಳಲಿ?

ಇಂತಿ,
ನಿಮ್ಮ ಕಡತದಲ್ಲಿ ಬರೀ 'ಅರ್ಜಿದಾರಳು',
ಮನೆಯಲ್ಲಿ ಹಣಮವ್ವನವರ ಸೊಸೆ
ಗುರುದೇವಿ, ಶಹಾಬಾದ