ಲೈಸಾನಿಯ ಪರವಾಗಿ ಕ್ಷಮಿಸಲು ನೀವು ಯಾರು?

ಮಾನ್ಯ ಜಿಲ್ಲಾ ನೆಟ್‌ಬಾಲ್ ಸಂಘದ ಅಧ್ಯಕ್ಷರೇ,

ನಮ್ಮ ತಂಡದ ತರಬೇತುದಾರ, ನೋವಿಗೆ ಎಣ್ಣೆ ತಿಕ್ಕುವ ನೆಪದಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಲೈಸಾನಿಯ ಮೈಮೇಲೆ ಕೈ ಹಾಕಿದ. ಬೇಡ ಎಂದ ಮೇಲೂ ತೆಗೆಯಲಿಲ್ಲ. ಅವಳು ನಿಮಗೆ ದೂರು ಕೊಟ್ಟಳು. ಅವನು ಕ್ಷಮೆ ಕೇಳುವ ನಮ್ಮ ಫಿಜಿಯ ಪದ್ಧತಿಯಂತೆ ತಿಮಿಂಗಿಲದ ಹಲ್ಲೊಂದನ್ನು ಹಿಡಿದು ನಿಮ್ಮ ಕಚೇರಿಗೆ ಬಂದು, ಚಾಪೆಯ ಮೇಲೆ ತಲೆ ಬಗ್ಗಿಸಿ ಕೂತ. ನೀವು ಹಲ್ಲನ್ನು ಎರಡೂ ಕೈಯಲ್ಲಿ ಸ್ವೀಕರಿಸಿ, ಬೊಗಸೆಗೈಯಿಂದ ಚಪ್ಪಾಳೆ ತಟ್ಟಿ, ಕ್ಷಮಿಸಲಾಗಿದೆ ಎಂದು ಘೋಷಿಸಿದಿರಿ. ಆ ಹೊತ್ತಿನಲ್ಲಿ ಲೈಸಾನಿ ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ತಾನು ಕ್ಷಮಿಸಿಬಿಟ್ಟಿರುವ ಸುದ್ದಿ ಅವಳಿಗೆ ಮರುದಿನ ನಿಮ್ಮ ಪತ್ರದಿಂದ ತಿಳಿಯಿತು.

ಎಂಥ ವೇಗ! ಮೈದಾನದ ದೀಪ ಬದಲಿಸಲು ಎರಡು ವರ್ಷ ತೆಗೆದುಕೊಂಡ ಸಂಘ, ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳ ಮನಸ್ಸನ್ನು ಅವಳಿಲ್ಲದೆಯೇ ಅರ್ಧ ಗಂಟೆಯಲ್ಲಿ ದುರಸ್ತಿ ಮಾಡಿತು. ನಾನು ನಿಮ್ಮ ಕಾಲು ತುಳಿದು ಪೋಸ್ಟ್‌ಮಾಸ್ತರರ ಬಳಿ ಕ್ಷಮೆ ಕೇಳಿದರೆ ನಿಮ್ಮ ನೋವು ಇಳಿಯುತ್ತದೆಯೇ? ಇದು ನಮ್ಮ ಪದ್ಧತಿ ಎಂದಿರಿ. ಸರಿ, ಪದ್ಧತಿ ಬಲ್ಲವರನ್ನೇ ಕೇಳೋಣವೆಂದು ತಂಡದ ಹತ್ತೂ ಮಂದಿ ಲೈಸಾನಿಯ ಅಜ್ಜಿಯ ಮನೆಗೆ ಹೋದೆವು. ಅಜ್ಜಿ ಕೆಸುವಿನ ಗೆಡ್ಡೆ ಬೇಯಿಸುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

"ಹಲ್ಲು ಯಾರ ಮನೆಗೆ ತಂದ?"

"ಆಫೀಸಿಗೆ, ಅಜ್ಜಿ."

"ಆಫೀಸಿಗೆ ಮೊಮ್ಮಗಳಿದ್ದಾಳೇನೇ?"

ನಮ್ಮ ಸೆಂಟರ್ ಆಟಗಾರ್ತಿ ತೊರಿಕಾ ನಕ್ಕ ರಭಸಕ್ಕೆ ಚಹಾ ಮೂಗಿನಿಂದ ಬಂತು. ಐದು ವಾರದಿಂದ ತುಟಿ ಬಿಚ್ಚದ ಲೈಸಾನಿ ಮೆಲ್ಲಗೆ ಕೇಳಿದಳು: "ಮನೆಗೇ ತಂದಿದ್ರೆ ತಗೊಳ್ಳೇಬೇಕಿತ್ತಾ, ಅಜ್ಜಿ?"

"ಯಾವಳೇ ಹಾಗಂದಿದ್ದು? ನನ್ನನ್ನ ಮದುವೆಗೆ ಕೇಳೋಕೆ ನಿಮ್ಮ ತಾತ ತಂದ ಹಲ್ಲನ್ನ ನಮ್ಮಪ್ಪ ಎರಡು ಸಲ ವಾಪಸ್ ಕಳ್ಸಿದ್ದ."

"ಮೂರನೇ ಸಲ ಯಾಕೆ ತಗೊಂಡ್ರು?"

"ನಾನು ಹೂಂ ಅಂದೆ, ಅದಕ್ಕೆ."

ಅಧ್ಯಕ್ಷರೇ, ನಾನು ಬಸ್ ನಿಲ್ದಾಣದಲ್ಲಿ ಕೂತು ಓದಿದ ಹೆಣ್ಣುಮಕ್ಕಳ ಹಕ್ಕಿನ ಅಷ್ಟೂ ಕರಪತ್ರಗಳು ಈ ಒಂದು ಮಾತನ್ನು ಹೇಳಲು ಇಪ್ಪತ್ತು ಪುಟ ಖರ್ಚು ಮಾಡಿವೆ. ಆದರೂ ಅವುಗಳಿಂದ ಒಂದು ವಿಷಯ ಕಲಿತಿದ್ದೇನೆ, ಕೇಳಿ. ಇಂಥದ್ದು ನಡೆಯುವುದು ನಮ್ಮ ಲಂಗದ ಉದ್ದದಿಂದಲ್ಲ. ತಂಡವನ್ನು ಆರಿಸುವವನೂ ಅವನೇ, ಕೋಣೆಯ ಬೀಗದ ಕೈ ಇಟ್ಟುಕೊಳ್ಳುವವನೂ ಅವನೇ, ಕತ್ತಲಾದ ಮೇಲೆ ಕಾರಿನಲ್ಲಿ ಮನೆಗೆ ಬಿಡುವವನೂ ಅವನೇ. ಅವನ ಮೇಲಿನ ದೂರು ಹೋಗುವುದು ಅವನ ಜೊತೆ ಕುಳಿತು ಕಾವಾ ಕುಡಿಯುವ ನಿಮ್ಮ ಬಳಿಗೆ. ಇಷ್ಟೆಲ್ಲ ಒಬ್ಬನ ಕೈಗೆ ಕೊಟ್ಟು, ಆಮೇಲೆ ಆ ಕೈ ಎಲ್ಲಿಗೆ ಹೋಯಿತೆಂದು ಆಶ್ಚರ್ಯಪಡುವುದು ಯಾವ ಸೀಮೆಯ ಆಡಳಿತ?

ಆ ಸಂಜೆ ಲೈಸಾನಿ ಎದ್ದು ನಿಂತು, "ಕ್ಷಮಿಸೋದು ಬಿಡೋದು ನನ್ನಿಷ್ಟ. ನಂಗೆ ಆಡ್ಬೇಕು ಕಣ್ರೇ, ಅಷ್ಟೇ!" ಎಂದಳು. ನಾವು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ನಮ್ಮ ದೇಶ ರಗ್ಬಿಯಲ್ಲಿ ಗೆದ್ದಿತೆಂದು ಓಡಿ ಬಂದರು. ಮರುದಿನ ಬೆಳಿಗ್ಗೆ ಅವಳು ಅಜ್ಜಿಯ ಕೈ ಹಿಡಿದು ಹೋಗಿ ಪೊಲೀಸರಿಗೂ ದೂರು ಕೊಟ್ಟಳು. ವಾರದೊಳಗೆ ಇನ್ನೂ ನಾಲ್ಕು ಕ್ಲಬ್ಬಿನ ಹುಡುಗಿಯರು ನಮ್ಮ ಬೇಡಿಕೆ ಪತ್ರಕ್ಕೆ ಸಹಿ ಹಾಕಿದರು. ಸಂತೋಷಕ್ಕೆ ನನಗೆ ನಿದ್ದೆಯಿಲ್ಲ, ಕಾಗುಣಿತ ತಪ್ಪಿದ್ದರೆ ಮನ್ನಿಸಿ. ಇದನ್ನಾದರೂ ನೀವು ಮನ್ನಿಸಬಹುದು, ತಪ್ಪು ಬರೆದದ್ದು ನಿಮಗೇ ತಾನೆ?

ಆದರೆ ಶನಿವಾರ ರಾಜಧಾನಿ ಸುವಾಕ್ಕೆ ಪಂದ್ಯಾವಳಿಗೆ ಹೊರಡುವ ಬಸ್ಸಿನ ಪಟ್ಟಿಯಲ್ಲಿ ಅವನ ಹೆಸರಿದೆ. ತರಬೇತಿಗೆ ಗೈರುಹಾಜರಿ ಎಂಬ ಕಾರಣಕ್ಕೆ ಲೈಸಾನಿಯ ಹೆಸರು ಹೊಡೆದು ಹಾಕಲಾಗಿದೆ. ಎರಡನ್ನೂ ಅದಲುಬದಲು ಮಾಡಿ. ಹಲ್ಲನ್ನು ತಂದವನಿಗೇ ಹಿಂತಿರುಗಿಸಿ. ತನಿಖೆ ಮುಗಿಯುವವರೆಗೆ ಅವನು ಮೈದಾನಕ್ಕೆ ಕಾಲಿಡಬಾರದು. ಚಿಕಿತ್ಸೆಯ ಕೋಣೆಯಲ್ಲಿ ಆಟಗಾರ್ತಿ ಬಯಸಿದ ಇನ್ನೊಬ್ಬರು ಇರಲೇಬೇಕು. ದೂರು ಕೇಳುವವರು ತಂಡ ಆರಿಸುವವರಾಗಿರಬಾರದು. ಇಷ್ಟಾಗದಿದ್ದರೆ ಬಸ್ಸು ಹೊರಡಲಿ, ಐದೂ ಕ್ಲಬ್ಬಿನ ಒಬ್ಬ ಆಟಗಾರ್ತಿಯೂ ಅದರಲ್ಲಿರುವುದಿಲ್ಲ.

ಉತ್ತರವನ್ನು ಅಂಚೆಯಲ್ಲಿ ಕಳಿಸಬೇಡಿ, ನಾವೇ ಬರುತ್ತೇವೆ. ಈ ಗುರುವಾರ, ಸಂಜೆ ನಾಲ್ಕು ಗಂಟೆಗೆ, ನಿಮ್ಮ ಕಚೇರಿಯಲ್ಲಿ. ಆರಾಮವಾಗಿ ಐದಕ್ಕೆ ಬರುವ ಫಿಜಿಯ ನಾಲ್ಕಲ್ಲ, ಗಡಿಯಾರದ ನಾಲ್ಕು.

ಇಂತಿ,
ಬಾಯಿಬಡುಕಿ ಎಂದು ನಿಮ್ಮಿಂದಲೇ ಬಿರುದು ಪಡೆದ, ಅದನ್ನು ಅಲ್ಲಗಳೆಯಲಾಗದ
ಉನೈಸಿ, ಗೋಲ್ ಕೀಪರ್