ಬಾನೆಟ್ ಎತ್ತಿಸಿದ ಹಾಡು

ಮಾನ್ವೆಲ್,

ಇಂದು ಗ್ಯಾರೇಜಿಗೆ ಗಣೇಶಗುಡಿಯ ಜೀಪೊಂದು ಬಂತು. ಅದರಿಂದ ಬರುತ್ತಿದ್ದ ಸದ್ದಿಗೆ ಎಂಜಿನ್ನೇ ಕೆಟ್ಟಿದೆಯೆಂದು ಬಾನೆಟ್ ಎತ್ತಿದೆ. ಡ್ರೈವರ್ ನಕ್ಕ. "ಎಂಜಿನ್ ಬಂದ್ ಐತಿ, ಇರ್ಷಾದಭಾಯ್. ಇದು ಮಾನ್ವೆಲ್ ಬ್ಯಾಂಡಿನ ಹೊಸಾ ಆಲ್ಬಮ್!"

ನಂಬದೆ ಪೂರ್ತಿ ಕೇಳಿದೆ. ಗಿಟಾರು ಒಂದು ದಿಕ್ಕು, ಬೇಸ್ ಗಿಟಾರು ಇನ್ನೊಂದು, ಬರೀ ಗಲಾಟೆ. ಆದರೂ ಎಲ್ಲರೂ ಒಂದೇ ಏಟಿಗೆ ಬಂದು ನಿಲ್ಲುತ್ತೀರಿ. ಎಂಥ ಪಳಗಿದ ಕೈಗಳು! ಅದಕ್ಕೇ ನನಗೆ ಅನುಮಾನ. ಮೂರನೆಯ ಹಾಡಿನಲ್ಲಿ ಎಲ್ಲರೂ ಪ್ರತಿ ಸಲ ಡ್ರಮ್ಮಿಗಾಗಿ ಒಂದು ಕ್ಷಣ ಕಾಯುತ್ತೀರಿ. ನಿಮ್ಮ ಜೊತೆ ಡ್ರಮ್ ಬಾರಿಸುವಾಗ ನಾನು ತಡ ಮಾಡುತ್ತಿದ್ದದ್ದು ಅಲ್ಲೇ. ನೀನು ಬೈದದ್ದು, ನಾನು ಬಿಟ್ಟು ಬಂದದ್ದು ಅದಕ್ಕೇ. ಈಗ ಅಣಕಿಸುತ್ತಿದ್ದೀಯಾ?

ಅದೇ ಹಾಡನ್ನು ಮತ್ತೆ ಹಾಕಿಸಿದೆ. ಆ ಜಾಗ ಬಂದಾಗ ಕೈಲಿದ್ದ ನಟ್ಟು ಬಿಚ್ಚುವ ಪಾನಾದಿಂದ ಬಾನೆಟ್ಟಿಗೆ ಬಡಿದೆ.

ಮೊದಲ ಬಾರಿಗೆ ನನ್ನ ಏಟು ತಡವಾಗಲಿಲ್ಲ.