ತಿಕ್ಕಿ ಬೆಳಗಿದ ಬ್ರೆಡ್ ಡಬ್ಬಿಗಳು

ದೊಡ್ಡವ್ವಾ,

ನೀನು ಹೋಗಿ ವರ್ಷವಾಗುತ್ತ ಬಂತು. ನೀನು ಬದುಕಿದ್ದಾಗ ಬಾಯಿ ಬಿಡದವಳು ಈಗ ಕಾಗದ ಬರೆಯಲು ಕೂತಿದ್ದೇನೆ, ಎಂಥ ಹೆಂಗಸು ನೋಡು ನಾನು! ಸುತ್ತಿ ಬಳಸಿ ಹೇಳುವುದಿಲ್ಲ. ಅವತ್ತು ನಮ್ಮ ಮನೆಯಲ್ಲಿ ಬ್ರೆಡ್ ತಳ ಹಿಡಿದದ್ದು ನಿನ್ನ ಕೈಯಿಂದಲ್ಲ. ನನ್ನಿಂದ.

ಹರಿಹರದ ಬಸ್ಸಿನಿಂದ ನೀನು ಇಳಿದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕೈಚೀಲದೊಳಗೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಮೂರು ತಗಡಿನ ಡಬ್ಬಿಗಳು. ದೊಡ್ಡಪ್ಪ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದಾಗ ಬೆಸುಗೆ ಇಲ್ಲದೆ, ಮೂಲೆ ಮಡಚಿ ಮಾಡಿಕೊಟ್ಟವು. ಇಪ್ಪತ್ತು ವರ್ಷ ನೀನು ಇದ್ದಿಲ ಒಲೆಯ ಮೇಲೆ, ಮರಳು ತುಂಬಿದ ಬೋಗುಣಿಯಲ್ಲಿಟ್ಟು ಸುಟ್ಟೂ ಸುಟ್ಟೂ ಅವು ಕಪ್ಪಗೆ ಮಿರುಗುತ್ತಿದ್ದವು. ನಿನ್ನನ್ನು ಕರೆಸಿದವಳು ನಾನೇ. ದೀಪಾವಳಿ ಹತ್ತಿರವಿತ್ತು, ಮನೆಗೆ ಕರೆಂಟ್ ಓವನ್ ಬಂದಿತ್ತು, ಮಂಡಿಪೇಟೆಯಿಂದ ನಮ್ಮತ್ತೆ, ನಾದಿನಿಯರು ಬರುವವರಿದ್ದರು. ನಮ್ಮ ದೊಡ್ಡವ್ವನ ಬ್ರೆಡ್ಡಿನ ಮುಂದೆ ಬೇಕರಿಯದು ಏನೂ ಅಲ್ಲ ಎಂದು ಮದುವೆಯಾದಾಗಿನಿಂದ ಜಂಭ ಕೊಚ್ಚಿದ್ದೆನಲ್ಲ, ತೋರಿಸಬೇಡವೇ?

ಆ ಡಬ್ಬಿಗಳನ್ನು ನೀನು ನಮ್ಮ ಪಿ.ಜೆ. ಬಡಾವಣೆಯ ಮನೆಯ ಹೊಸ ಗ್ರಾನೈಟ್ ಕಟ್ಟೆಯ ಮೇಲೆ ಸಾಲಾಗಿ ಇಟ್ಟಾಗ ನನಗೆ ಮೈ ಮುದುಡಿ ಬಂತು. ಅತ್ತೆ ಅಡುಗೆಮನೆಗೆ ಬಂದು ಇವನ್ನು ನೋಡಿದರೆ? “ಇವಕ್ಕೆ ಸೋಪು, ಬೂದಿ ತೋರಿಸಬ್ಯಾಡ ಮತ್ತೆ. ಬಟ್ಟೇಲಿ ಒರೆಸಿಟ್ರೆ ಸಾಕು. ದೋಸೆ ಹಂಚು ಯಾರಾದ್ರೂ ತಿಕ್ತಾರೇನೆ?” ಎಂದು ನೀನು ಹೇಳಿದೆ. ಬೆಣ್ಣೆದೋಸೆಯ ಊರಿನವಳು ನಾನು, ಅಷ್ಟೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹಬ್ಬದ ಮುಂದೆ ಅಟ್ಟದ ಪಾತ್ರೆಯನ್ನೆಲ್ಲ ಇಳಿಸಿ ಮುಖ ಕಾಣುವಂತೆ ಬೆಳಗುವ ಮನೆ ನಮ್ಮದು. ನೀನು ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ನಾನು ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ತಿಕ್ಕಿದೆ. ತೆಂಗಿನ ನಾರು ಸಾಲದೆ ಸ್ಟೀಲಿನ ನಾರು ತಂದೆ. ಬೆಳ್ಳಗಾಗುವ ತನಕ ಬಿಡಲಿಲ್ಲ. ಹೊಳೆಯುವುದನ್ನು ನೋಡಿ ಖುಷಿಯೂ ಆಯಿತು ನನಗೆ.

ಮರುದಿನ ಬೆಳಿಗ್ಗೆ ಮೈದಾ ನಾದಿದ್ದು, ಉಬ್ಬಿದ ಮೇಲೆ ಗುದ್ದಿ ಸುರುಳಿ ಸುತ್ತಿದ್ದು ನೀನು. ನಿನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಹಾಗಾಗಿ ಡಬ್ಬಿಗೆ ಎಣ್ಣೆ ಸವರಿ ಹಿಟ್ಟು ಇಟ್ಟವಳು ನಾನು. “ಎಣ್ಣೆ ಬರೋಬರಿ ಹಚ್ಚಿಯೇನವ್ವ?” ಎಂದೂ ಕೇಳಿದೆ ನೀನು. ಓವನ್ನಿನಿಂದ ತೆಗೆದು ಬೋರಲು ಹಾಕಿದರೆ ಬೀಳಲಿಲ್ಲ. ನಾನು ತಟ್ಟಿದೆ, ಚಾಕು ಆಡಿಸಿದೆ. ಮೇಲಿನರ್ಧ ಹರಿದು ಕೈಗೆ ಬಂತು, ಉಳಿದರ್ಧ ತಳಕ್ಕೇ ಕಚ್ಚಿಕೊಂಡಿತು. ಮೂರೂ ಹಾಗೇ. ನಾದಿನಿಯರು ಮುಖ ಮುಖ ನೋಡಿಕೊಂಡರು. ಅತ್ತೆ “ಇದೇನ್ರಿ ಬೀಗ್ರೆ, ಬ್ರೆಡ್ಡೋ ಉಪ್ಪಿಟ್ಟೋ?” ಅಂದರು. ಎಲ್ಲರೂ ನಕ್ಕರು. ನೀನು ಒಂದು ತುಂಡನ್ನು ಬೆರಳಲ್ಲಿ ಹಿಸುಕಿ ನೋಡಿ, “ನನ್ನ ಕೈ ಕೆಟ್ಟೈತ್ರಿ. ಹಿಟ್ಟಿನ ಹದ ಗೊತ್ತಾಗವಲ್ದು, ವಯಸ್ಸಾತು” ಎಂದೆ. ನಾನು ಪಕ್ಕದಲ್ಲೇ ಇದ್ದೆ ದೊಡ್ಡವ್ವಾ. ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಬಸ್ ಸ್ಟ್ಯಾಂಡಿನಲ್ಲಾದರೂ ಹೇಳಬಹುದಿತ್ತು, ಅಲ್ಲಿ ನಾವಿಬ್ಬರೇ. “ಡಬ್ಬಿ ನೀನೇ ಇಟ್ಕ. ನನಗಿನ್ನ ಯಾಕ?” ಅಂದುಬಿಟ್ಟೆ ನೀನು. “ದೊಡ್ಡವ್ವ, ಅದೂ...” ಎಂದು ನಾನು ಶುರು ಮಾಡುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಊದದಿದ್ದರೆ ಹೇಳುತ್ತಿದ್ದೆನೇ? ಇಲ್ಲ. ನಿನ್ನ ಹತ್ತಿರ ಇನ್ನೇನು ಸುಳ್ಳು. ಆಮೇಲೆ ನೀನು ಹಿಟ್ಟಿಗೆ ಕೈ ಹಾಕಲೇ ಇಲ್ಲವಂತೆ. ಮೊಮ್ಮಕ್ಕಳು ಕೇಳಿದರೆ “ಬೇಕರಿಯಾಗ ತರಿಸ್ಕಳ್ರಿ, ನನ್ನ ಕೈದು ಚಲೋ ಆಗಲ್ಲ” ಅನ್ನುತ್ತಿದ್ದೆಯಂತೆ. ನಿನ್ನ ಸೊಸೆ ಬಂದಾಗ ಹೇಳಿದಳು. ಅದನ್ನು ಕೇಳಿಯೂ ಸುಮ್ಮನಿದ್ದೆನಲ್ಲ! ಹರಿಹರ ಏನು ಕಾಶಿಯೇ? ನಮ್ಮನೆ ಎದುರಿಗೇ ಎಸ್‌ಟಿಡಿ ಬೂತ್ ಇತ್ತು.

ನಾನೇ ಬ್ರೆಡ್ ಸುಡಲೆಂದು ನಾನ್‌ಸ್ಟಿಕ್ ಡಬ್ಬಿ ಕೊಂಡ ದಿನ ಸಮಸ್ಯೆ ಬಗೆಹರಿಯಿತು ಅಂದುಕೊಂಡೆ. ಅದರ ಮೇಲೆ ನನಗೆ ದೂರಿಲ್ಲ. ಹಗುರ, ಎಣ್ಣೆ ಕಡಿಮೆ ಸಾಕು, ಬೋರಲು ಹಾಕಿದರೆ ಪುಸಕ್ಕನೆ ಬೀಳುತ್ತದೆ. ಆದರೆ ಸ್ಟೀಲ್ ಚಮಚದ ಗೀರೊಂದು ಬಿದ್ದರೆ ಮುಗಿಯಿತು, ಪದರ ಏಳುತ್ತದೆ, ಮತ್ತೆ ಕೂರುವುದಿಲ್ಲ. ನೀನು ಹೋದ ಮೇಲೆ ನಿನ್ನ ಡಬ್ಬಿ ತೆಗೆದು, ಎಣ್ಣೆ ಸವರಿ ಬರಿದೇ ಕಾಯಿಸಿ, ಆರಿಸಿ, ಮತ್ತೆ ಸವರಿ... ಹತ್ತು ಹನ್ನೆರಡು ಸಲಕ್ಕೆ ಕಂದು ತಿರುಗಿತು. ಈಗ ಬ್ರೆಡ್ ಸಲೀಸಾಗಿ ಬಿಡುತ್ತದೆ, ಅಂಚೂ ಗರಿಗರಿಯಾಗುತ್ತದೆ. ತಗಡಿನ ತಪ್ಪನ್ನು ತಿದ್ದುವುದು ಇಷ್ಟು ಸುಲಭವಿತ್ತು.

ಹೋದ ಭಾನುವಾರದ ಮಾತು ಹೇಳುತ್ತೇನೆ ಕೇಳು. ನಮ್ಮ ಮನೆಯಲ್ಲಿ ಇಡ್ಲಿ ಅಂಟಿದರೂ, ಚಪಾತಿ ಹರಿದರೂ “ಹರಿಹರದ ಬ್ರೆಡ್ ಆತು” ಅನ್ನುವುದು ರೂಢಿಯಾಗಿದೆ. ನಾನೂ ನಗುತ್ತಿದ್ದೆ. ಥೂ! ಮಂಡಿಪೇಟೆಯವರೆಲ್ಲ ತಿಂಡಿಗೆ ಬಂದಿದ್ದರು. ದೋಸೆ ಹರಿದಿದ್ದಕ್ಕೆ ನನ್ನ ಏಳು ವರ್ಷದ ಮಗಳು ಅದನ್ನೇ ಅಂದಳು, ಬಾಣಂತನದಲ್ಲಿ ನೀನೇ ಎಣ್ಣೆ-ನೀರು ಎರೆದ ಕೂಸು. ಕೈಲಿದ್ದ ಸೌಟು ಕೆಳಗಿಟ್ಟೆ. “ಡಬ್ಬಿ ತಿಕ್ಕಿ ಕೆಡಿಸಿದಾಕಿ ನಾನು. ನಿಮ್ಮ ಮುಂದೆ ಆ ಕರೀ ಡಬ್ಬಿ ಇಡಕ್ಕೆ ನಾಚ್ಕೆ ಆಗಿತ್ತು. ದೊಡ್ಡವ್ವನ ಕೈ ಕೆಟ್ಟಿರಲಿಲ್ಲ” ಅಂದೆ. ಅತ್ತೆ ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. “ಅವತ್ತೇ ಅಂದಿದ್ರೆ ಏನಾಗ್ತಿತ್ತವ್ವ? ಒಂದೀಟು ನಕ್ಕು ಬಿಡ್ತಿದ್ವಿ.”

ಅಷ್ಟೇ ದೊಡ್ಡವ್ವಾ. ಒಂದಿಷ್ಟು ನಗು. ಅದಕ್ಕೆ ಹೆದರಿ ನಾನು ನಿನ್ನ ಕೈಯನ್ನೇ... ಇನ್ನು ಈ ಮನೆಯಲ್ಲಿ ಆ ಮಾತು ಯಾರ ಬಾಯಲ್ಲೂ ಬರಲು ಬಿಡುವುದಿಲ್ಲ. ಅವತ್ತು ಅಡುಗೆಮನೆಯಲ್ಲಿ ನಕ್ಕವರೆಲ್ಲ ಈಗ ನಿಜ ಕೇಳಿಸಿಕೊಂಡಿದ್ದಾರೆ. ನೀನೊಬ್ಬಳು ಕೇಳಿಲ್ಲ.